ಸಹಿಯ ಮೇಲೊಂದು ಕೊನೆ ಕೈ

ಚನ್ನಪಟ್ಟಣದ ಬೊಂಬೆ ತಯಾರಕ ಮಕ್ಬೂಲ್ ಸಾಹೇಬರು ಜೀವಮಾನದಲ್ಲಿ ಹೆದರಿದ್ದು ಎರಡಕ್ಕೆ: ಕರೆಂಟು ಹೋಗುವುದಕ್ಕೆ, ಹೆಂಡತಿ ಬದ್ರುನ್ನೀಸಾ ಮಾತು ನಿಲ್ಲಿಸುವುದಕ್ಕೆ. ಆ ಸೋಮವಾರ ಮೂರನೆಯದೂ ಸೇರಿಕೊಂಡಿತು. ಬೆಂಗಳೂರಿನ ರಫ್ತು ಕಂಪನಿಯೊಂದು ಬುಗುರಿಗಳ ಭಾರೀ ಆರ್ಡರ್ ಕೊಡಲು ಮುಂದಾಗಿ, ಒಪ್ಪಿಗೆಯ ಇ-ಮೇಲ್ ಶುಕ್ರವಾರ ಸಂಜೆಯೊಳಗೆ ಡಿಜಿಟಲ್ ಸಹಿಯೊಂದಿಗೆ ಬರಲೇಬೇಕು ಅಂದಿತ್ತು. ತಪ್ಪಿದರೆ ಆರ್ಡರ್ ಬೇರೆಯವರಿಗೆ.

ಕಂಪನಿಯವರೇ ಬಂದು ಹಳೇ ಕಂಪ್ಯೂಟರಿಗೆ ಒಂದು ಮೇಲ್ ಪ್ರೋಗ್ರಾಂ ಹಾಕಿಕೊಟ್ಟಿದ್ದರು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. (ಮೌಸನ್ನು ಎಷ್ಟು ತಿರುಗಿಸಿದರೂ ಅದು ಕ್ಯಾರೇ ಅನ್ನಲಿಲ್ಲ.) ಪತ್ರದ ನೆತ್ತಿಯ ಮೇಲೆ ಹೆಡರ್ ಎಂಬ ಸಾಲುಗಳಿರುತ್ತವೆ, ಅಲ್ಲಿ ನಿಮಗೆ ಬೇಕಾದ ಸಾಲನ್ನೂ ಸೇರಿಸಬಹುದು ಅಂತ ಹೇಳಿಹೋಗಿದ್ದರು. ಸಾಹೇಬರು ಊಟ ನಿದ್ದೆ ಬಿಟ್ಟು ಅದರ ಶೃಂಗಾರಕ್ಕೆ ಕೂತರು. ‘ಸಹಿ ಮಾಡಿದವರು: ಹುಸೇನ್ ಸಾಹೇಬರ ಮೊಮ್ಮಗ, ಅರಗಿನ ಬೊಂಬೆಗಳ ಮಹಾ ತಯಾರಕ’ ಎಂಬ ಬಿರುದಾವಳಿ ಸಿದ್ಧವಾಯಿತು. ಮೇಲೆ ಬಿಸ್ಮಿಲ್ಲಾದ ಅಂಕಿ ೭೮೬ ಬರೆಯದೆ ನಮ್ಮ ಮನೆಯ ಕಾಗದ ಎಂದೂ ಹೊಸಿಲು ದಾಟಿಲ್ಲ ಎಂದು ಬದ್ರುನ್ನೀಸಾ ಹೇಳಿದಾಗ, ಕಂಪ್ಯೂಟರಿನ ಹತ್ತಿರ ಸುಳಿಯಬೇಡ ಅಂತ ಗದರಿದರು.

ಶುಕ್ರವಾರ ಬೆಳಿಗ್ಗೆ ಸಹಿ ಬಿತ್ತು, ಪತ್ರ ಹೋಯಿತು. ಮಧ್ಯಾಹ್ನ ಉತ್ತರ ಬಂತು: ‘ಸಹಿ ಸುಳ್ಳು. ಸಹಿಯಾದ ಮೇಲೆ ಪತ್ರದ ಒಕ್ಕಣೆಯನ್ನು ಯಾರೋ ತಿದ್ದಿದ್ದಾರೆ. ಐದು ಗಂಟೆಯವರೆಗೆ ಕಾಯುತ್ತೇವೆ.’

ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನ್ಯಾಯಾಧೀಶರಂತೆ ನಿಂತರು.

“ಬದ್ರು, ಏಳ್ನೂರ ಎಂಬತ್ತಾರು ಸೇರಿಸ್ಬುಟ್ಯಾ?”

“ಸೇರಿಸ್ದೆ. ಬುಧವಾರವೇ, ಹೆಡರ್‌ನಾಗೆ. ಹೆಡರ್‌ಗೂ ಸಹಿಗೂ ಸಂಬಂಧ ಇಲ್ಲ ಅಂತ ಕಂಪ್ನಿಯೋರು ಹೇಳ್ದಾಗ ನೀವು ಅವ್ರಿಗೆ ಬುಗುರಿ ಆಡ್ಸಿ ತೋರಿಸ್ತಿದ್ರಿ. ಅಜೀ, ಸಹಿ ಹಾಕಿದ್ಮೇಲೆ ಕಾಗದಕ್ಕೆ ಯಾರು ಕೈ ಹಾಕಿದ್ದು?”

ಸಾಹೇಬರು ತಲೆ ಕೆರೆದುಕೊಂಡರು. ಅರಗಿನ ಬಣ್ಣ ಕೂತ ಮೇಲೂ ತಾಳೆಗರಿಯಿಂದ ಕೊನೆಯದಾಗಿ ಒಮ್ಮೆ ಉಜ್ಜದೆ ಅವರು ಯಾವ ಬೊಂಬೆಯನ್ನೂ ಹೊರಗೆ ಕಳಿಸಿದವರಲ್ಲ. ಸಹಿಯಾದ ಪತ್ರ ಯಾಕೋ ಮಂಕಾಗಿ ಕಂಡಿತ್ತು. ಕಳಿಸುವ ಮುಂಚೆ ಮತ್ತೆ ತೆರೆದು, ‘ಬುಗುರಿ’ ಇದ್ದಲ್ಲಿ ‘ಹೊಳೆಯುವ ಬುಗುರಿ’ ಮಾಡಿದ್ದರು.

“ಒಸಿ ಪಾಲಿಶ್ ಅಷ್ಟೇ,” ಅಂದರು.

ಬದ್ರುನ್ನೀಸಾ ಒಂದು ಮಾತೂ ಆಡಲಿಲ್ಲ. (ಎರಡನೆಯ ಹೆದರಿಕೆಯೂ ಬಂದಾಯಿತು.) ಗಂಡನ ಕೈಗೆ ಸೌಟು ಕೊಟ್ಟು, ಸಾರು ತಿರುವುತ್ತಿರಲು ಸನ್ನೆ ಮಾಡಿ, ಕಂಪ್ಯೂಟರಿನ ಮುಂದೆ ಕೂತಳು. ಹತ್ತೇ ನಿಮಿಷದಲ್ಲಿ ಹೊಸ ಪತ್ರ ಹೋಯಿತು.

ಐದಕ್ಕೆ ಐದು ನಿಮಿಷವಿದ್ದಾಗ ಉತ್ತರ ಬಂತು: ‘ಸಹಿ ಸರಿಯಿದೆ. ಆರ್ಡರ್ ಖಾಯಂ. ನಿಮ್ಮ ಹೊಸ ಹೆಡರ್ ಇನ್ನು ಮುಂದೆ ಪ್ರತಿ ಪತ್ರದಲ್ಲೂ ಇರಲಿ.’

ಬಿರುದಾವಳಿಗೆ ಕೊನೆಗೂ ಬೆಲೆ ಬಂತಲ್ಲ ಎಂದು ಸಾಹೇಬರು ಸೌಟು ಹಿಡಿದುಕೊಂಡೇ ಓಡಿಬಂದು ಪರದೆ ನೋಡಿದರು. ಬಿರುದಾವಳಿ ಇರಲಿಲ್ಲ. ೭೮೬ರ ಕೆಳಗೆ ಒಂದೇ ಸಾಲು: ‘ಸಹಿಯಾದ ಮೇಲೆ ಇದಕ್ಕೆ ಯಜಮಾನರ ಕೈ ತಾಗಿಲ್ಲ.’