ಹತ್ತು ಕಾಲಿನ ಹುಸಿ ಸೀಗಡಿ

ಸವೆದ ಶಾಸನಗಳ ಅಕ್ಷರಗಳನ್ನು ತಿದ್ದಿ ಓದುವುದರಲ್ಲೇ ಆಯುಷ್ಯ ಕಳೆದವನಿಗೆ ಪರರ ಕೆಲಸದಲ್ಲಿ ತಪ್ಪು ಹುಡುಕುವ ಚಾಳಿ ಬಿಡದು. ಆದಕಾರಣ ನಾನು ನಗೆಗೀಡಾಗುವ ಪ್ರಸಂಗಗಳು ಒದಗುತ್ತಲೇ ಇರುತ್ತವೆ. ಈಚಿನವುಗಳಿಗೆಲ್ಲ ಮೂಲವಾದದ್ದು ಒಂದು ಸೀಗಡಿ.

ಕಾರವಾರದ ಕಡೆ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಒಂದು ವಿಚಿತ್ರ ಹವ್ಯಾಸ. ಮರಳ ಮೇಲೆ ಮೊಳಕಾಲುದ್ದ ಉಪ್ಪುನೀರು ಹರಡಿರುವಲ್ಲಿ ನಿಂತು, ಮೀನನ್ನು ಕಣ್ಣಾರೆ ಕಂಡು, ಗಾಳಕ್ಕೆ ಗರಿ-ಕೂದಲು ಕಟ್ಟಿ ಮಾಡಿದ ಹುಸಿ ಸೀಗಡಿಯನ್ನು ಅದರ ಮುಂದೆ ಎಸೆಯುವುದು. ಅದನ್ನು ಕಟ್ಟಬಲ್ಲವರು ಬೇಕೆಂದು ಅವನು ಬರೆದಾಗ ನಾನು ಸವಣೂರಿನ ಮಿತ್ರರನ್ನು ನೆನೆದೆ. ಐವತ್ತು ವರ್ಷ ಜರಿಯ ಕಸೂತಿ ಮಾಡಿದ ಸಾಹೇಬರು ಅವರು. ದೃಷ್ಟಿ ಆಗಲೇ ಕುಂದತೊಡಗಿತ್ತು.

“ಕಣ್ಣು ಪೂರಾ ಆರೂದ್ರೊಳಗ ನಾ ಮಾಡಿದ್ದನ್ನ ಖರೇ ಸೀಗಡಿ ಅಂತ ಒಂದರ ಮೀನ ನಂಬಬೇಕ್ರಿ, ಮಾಸ್ತರ. ಮಂದಿ ಹೊಗಳಿಕಿ ಭಾಳ ಕೇಳೇನಿ” ಎಂದರು.

೧. ಬಸ್ಸಿನಲ್ಲಿ ಶಾಸನ

ನಾವಿಬ್ಬರೂ ಜೀವಂತ ಸೀಗಡಿಯನ್ನು ಕಂಡವರಲ್ಲ. ಅಕ್ಕಿಆಲೂರಿನ ಸಂತೆಯಲ್ಲಿ ಒಣ ಸೀಗಡಿ ಕೊಂಡು, ಶಾಸನಗಳ ಪಡಿಯಚ್ಚಿನ ಹಾಳೆಗಳ ನಡುವೆ ಅಡಗಿಸಿ, ಸವಣೂರಿನ ಬಸ್ಸು ಹತ್ತಿದೆ. ಬಂಕಾಪುರ ಬರುವಷ್ಟರಲ್ಲಿ ನನ್ನ ಪಕ್ಕದ ಆಸನವೂ ಹಿಂದಿನ ಆಸನವೂ ತೆರವಾಗಿದ್ದವು.

ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದ. “ಚೀಲದಾಗ ಏನೈತ್ರಿ ಅಜ್ಜಾರ?”

“ಸಾವಿರ ವರ್ಷದ ಶಾಸನಗಳಪ್ಪ,” ಎಂದೆ. ಅರ್ಧ ಸತ್ಯವೇ.

“ಹಂಗಂದ್ರ ಮಣ್ಣು ಮಾಡಿ ಬಿಡ್ರಿ. ಪೂರಾ ಕೊಳತಾವ!”

೨. ತೀರಿಕೊಂಡ ಮಾದರಿ

ಒಣಗಿ ಸುರುಳಿಯಾದ ಆ ಪ್ರಾಣಿಯನ್ನೇ ಪ್ರಮಾಣವೆಂದು ತಿಳಿದು ಸಾಹೇಬರು ಗಾಳಕ್ಕೆ ಮೇಕೆಯ ಕೂದಲನ್ನೂ ಹುಂಜದ ಕತ್ತಿನ ಗರಿಯನ್ನೂ ಸುತ್ತಿದರು. ಒಣಗಿದ್ದರ ಕೆಂಪು, ಒಣಗಿದ್ದರ ಬಾಗು, ಎಲ್ಲವೂ ಯಥಾವತ್ತು. ಶಿಷ್ಯನಿಗೆ ಕಳಿಸಿದ ಗಾಳ ಪತ್ರದೊಡನೆ ಹಿಂದಿರುಗಿ ಬಂತು: “ಗುರುಗಳೇ, ಜೀವಂತ ಸೀಗಡಿ ನೀಳವಾಗಿ, ಮರಳ ಬಣ್ಣದಲ್ಲಿ, ನೀರಿನಷ್ಟೇ ಪಾರದರ್ಶಕವಾಗಿರುತ್ತದೆ. ತಾವು ಕಳಿಸಿದ್ದು ಬುಗುರಿಯಂತೆ ತಿರುಗುತ್ತದೆ. ನೀರು ಮುಟ್ಟುವ ಮುನ್ನವೇ ತೀರಿಕೊಂಡಂತಿದೆ.”

ನಾನು ಓದಿ ಹೇಳಿದೆ. ಸಾಹೇಬರು ಗಾಳವನ್ನು ಕಣ್ಣಿನ ತೀರ ಹತ್ತಿರ ಹಿಡಿದು ತಿರುಗಿಸಿ ನೋಡಿದರು. “ಹೆಣಾ ನೋಡಿ ಚಿತ್ರಾ ಬರದ್ರ ಹಿಂಗ ಆಗತೈತಿ. ನೀವು ಗ್ವಾಡಿಗಿ ಹಾಕೂ ಫೋಟೋನ ಈಗಲೇ ತಗಿಸಿ ಇಡ್ರಿ, ಮಾಸ್ತರ.”

೩. ವೈದ್ಯರ ಸಂಶಯ

ಅಲ್ಲಿಂದ ಮುಂದೆ ಶೋಧನೆಯ ಮೇಲೆ ಶೋಧನೆ. ಸೀಗಡಿ ಮುಳುಗಲೆಂದು ಕಟ್ಟುವ ಮಣಿ ಭಾರವಾದರೆ ನೀರಿಗೆ ಬಿದ್ದ ಸದ್ದಿಗೇ ಮೀನು ಓಡುವುದು. ಹಗುರವಾದರೆ ಸೀಗಡಿ ತೇಲುವುದು. ಮೊನೆ ಮೇಲ್ಮುಖವಾಗಿ ಇಳಿಯದಿದ್ದರೆ ಗಾಳ ಕಸಕ್ಕೆ ಸಿಕ್ಕುವುದು. ಸಾಹೇಬರ ಅಂಗಳದ ನೀರಿನ ತೊಟ್ಟಿಯಲ್ಲಿ ಇವನ್ನೆಲ್ಲ ಪರೀಕ್ಷಿಸಿದೆವು. ಇವು ಸಾಲದೆಂಬಂತೆ ನಾನು ಪ್ರಾಣಿಶಾಸ್ತ್ರದ ಗ್ರಂಥ ತೆರೆದು, ಸೀಗಡಿಗೆ ಕಾಲು ಹತ್ತು, ಒಂಬತ್ತಾದರೆ ಅಶಾಸ್ತ್ರೀಯ ಎಂದು ಸಾಧಿಸಿದೆ. ಅವರು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಸೂಜಿ ಬೆರಳಿಗೆ ಚುಚ್ಚುವುದು ದಿನೇದಿನೇ ಹೆಚ್ಚಿತು.

ಹುಬ್ಬಳ್ಳಿಯ ಕಣ್ಣಿನ ವೈದ್ಯರು ಪರೀಕ್ಷಿಸಿ, ನರ ಒಣಗುತ್ತಿದೆ, ಇನ್ನು ಕೆಲವೇ ತಿಂಗಳು ಎಂದರು. ಸಾಹೇಬರು ಕೇಳಿದರು: “ಹತ್ತು ಕಾಲು ಎಣಸೂತನಕರ ಕಣ್ಣು ಇರತಾವೇನ್ರಿ?”

ವೈದ್ಯರು ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ, “ಇವರಿಗೆ ಮನುಷ್ಯರು ಹತ್ತು ಕಾಲಿನವರಾಗಿ ಕಾಣತಾರೇನು?” ಎಂದರು. ನಾನು ಸೀಗಡಿಯ ವೃತ್ತಾಂತವನ್ನು ಆದ್ಯಂತವಾಗಿ ನಿರೂಪಿಸಿದೆ. ಅವರು ಸಾವಧಾನವಾಗಿ ಕೇಳಿ ಹೇಳಿದರು: “ನೀವೂ ಒಮ್ಮೆ ಯಾರಿಗಾದರೂ ತೋರಿಸಿಕೊಳ್ರಿ.”

೪. ಐದನೆಯದು

ವೈದ್ಯರ ಮಾತು ಸುಳ್ಳಾಗಲಿಲ್ಲ. ಕಣ್ಣು ಕತ್ತಲಾಗುವ ಮುನ್ನ ಸಾಹೇಬರು ನಾಲ್ಕು ಸೀಗಡಿಗಳನ್ನು ಮುಗಿಸಿದ್ದರು. ಒಂದೊಂದರ ಕಾಲನ್ನೂ ನಾನೇ ಕನ್ನಡಕ ಏರಿಸಿ ಎಣಿಸಿದ್ದೆ. ಐದನೆಯದನ್ನು ಅವರು ಕಟ್ಟಿದ್ದು ಬರಿಯ ಬೆರಳ ತುದಿಯಿಂದ. ಮೀಸೆ ಒಂದೇ. ಕಾಲು ಆರೋ ಏಳೋ. ಕೂದಲು ಸಡಿಲವಾಗಿ ಅತ್ತಿತ್ತ ಹಾರುತ್ತಿತ್ತು. “ಹೆಂಗ ಬಂದೈತ್ರಿ?” ಎಂದು ಕೇಳಿದರು. “ನಿರ್ದೋಷವಾಗಿದೆ” ಎಂದೆ. ಜೀವಮಾನದಲ್ಲಿ ನಾನು ತಪ್ಪು ತಿದ್ದದೆ ಬಿಟ್ಟ ಪಾಠ ಅದೊಂದೇ. ಅವರ ಮನಸ್ಸು ನೋಯಬಾರದೆಂದು ಅದನ್ನೂ ಪೊಟ್ಟಣದಲ್ಲಿಟ್ಟು ಶಿಷ್ಯನಿಗೆ ಕಳಿಸಿದೆ.

ಹತ್ತು ದಿನಗಳ ತರುವಾಯ ಅವರ ಅಂಗಳದಲ್ಲಿ ಕುಳಿತಿದ್ದಾಗ ಶಿಷ್ಯನ ಫೋನು ಬಂತು. ಸಾಹೇಬರಿಗೂ ಕೇಳಲೆಂದು ದನಿ ಏರಿಸಿದೆ.

“ಗುರುಗಳೇ, ಮೊದಲ ನಾಲ್ಕನ್ನೂ ಮೀನು ಹತ್ತಿರ ಬಂದು ನೋಡಿ, ತಿರುಗಿಕೊಂಡು ಹೋಯಿತು.”

ಫೋನನ್ನು ಮುಚ್ಚಿಬಿಡಲೇ ಎಂದು ಯೋಚಿಸಿದೆ.

“ಐದನೆಯದು ಮಾತ್ರ ಸದ್ದಿಲ್ಲದೆ ಇಳಿಯಿತು. ತುಸು ಎಳೆದೆ, ಕೂದಲೆಲ್ಲ ಉಸಿರಾಡಿದಂತೆ ಅಲುಗಿತು. ಮೀನು ಯೋಚಿಸಲೇ ಇಲ್ಲ, ನುಂಗಿತು! ಅಂಥವೇ ಹನ್ನೆರಡು ಬೇಕು. ಯಾವ ಗ್ರಂಥ ನೋಡಿ ಕಟ್ಟಿಸಿದಿರಿ?”

ಸಾಹೇಬರ ಬತ್ತಿದ ಕಣ್ಣುಗಳಿಂದ ನೀರಿಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ. ನನ್ನ ಮೊಗದತ್ತ ಕೈಚಾಚಿ, ತಡವರಿಸಿ, ಕಿವಿಯಿಂದ ನನ್ನ ಕನ್ನಡಕವನ್ನು ಮೆಲ್ಲಗೆ ಬಿಡಿಸಿ, ಮಡಚಿ, ನನ್ನ ಜೇಬಿಗಿಟ್ಟರು.

“ಹನ್ನೆರಡೂ ಕಟ್ಟತೇನಿ ಅಂತ ಹೇಳ್ರಿ. ಆದ್ರ ಅವು ಮುಗಿಯೂತನಕ, ಮಾಸ್ತರ, ಇದನ್ನ ಹಾಕ್ಕೊಂಡು ನನ್ನ ಮನಿಗಿ ಬರಬ್ಯಾಡ್ರಿ.”