ರುಕ್ಮಿಣಮ್ಮನ ಪೆಟ್ಟಿಗೆಯ ಸಿಟ್ಟು

ಅನಿಲ್‌ಕುಮಾರನ ಹೆಬ್ಬೆರಳು ಒಂದು ರಾಗಿಕಾಳಿನಷ್ಟು ಕೆಳಗೆ ಜಾರಿದ್ದೇ ಎಲ್ಲಕ್ಕೂ ಮೂಲ. ಪದ್ಮಶ್ರೀ ಮೇಡಂಗೆ ಹೋಗಬೇಕಾಗಿದ್ದ ಅಂಕಿಪಟ್ಟಿಯ ಫೋಟೋ ‘ತೂಬಗೆರೆ ಹಾಲಿನ ಬಳಗ’ ಎಂಬ ವಾಟ್ಸಾಪ್ ಗ್ರೂಪಿಗೆ ಹೋಗಿ ಕೂತಿತು. ಆ ಗ್ರೂಪಿನಲ್ಲಿ ನೂರಾ ಎಂಬತ್ತು ಜನ. ಹಾಲು ಹಾಕುವವರು ಅರವತ್ತೇ. ಉಳಿದವರು ಸುದ್ದಿಗಾಗಿ ಇದ್ದವರು.

ಅನಿಲ ಜೇನುತಳಿ ಯೋಜನೆಯೊಂದರ ಸಹಾಯಕ. ತೂಬಗೆರೆಯ ಇಪ್ಪತ್ತು ಹಿತ್ತಿಲುಗಳಲ್ಲಿ ಇಪ್ಪತ್ತು ಜೇನುಪೆಟ್ಟಿಗೆ ಇಟ್ಟು, ತಾಯಿ ರಾಣಿಯ ಸಿಟ್ಟು, ದುಡಿಮೆಗಳಲ್ಲಿ ಎಷ್ಟು ಪಾಲು ಮಗಳು ರಾಣಿಯ ಗೂಡಿಗೆ ಇಳಿಯುತ್ತದೆ ಎಂದು ತಿಳಿಯಲು ಎರಡು ವರ್ಷದಿಂದ ಅಂಕಿ ಬರೆಯುತ್ತಿದ್ದ. ಗೂಡಿನ ಬಾಯಲ್ಲಿ ಕರಿ ಚರ್ಮದ ತುಂಡು ಆಡಿಸುವುದು, ಒಂದು ನಿಮಿಷದಲ್ಲಿ ಎಷ್ಟು ಕೊಂಡಿ ನಾಟಿದವೆಂದು ಎಣಿಸುವುದು. ಬಹಳಷ್ಟು ಸಲ ಚರ್ಮ ಅವನದೇ ಆಗಿರುತ್ತಿತ್ತು. ಇವತ್ತು ಪಟ್ಟಿ ಒಪ್ಪಿಸಿದರೆ ಬೆಂಗಳೂರಿನ ಆಫೀಸಿನಲ್ಲಿ ಫ್ಯಾನಿನ ಕೆಳಗೊಂದು ಕುರ್ಚಿ ಕೊಡಿಸುವುದಾಗಿ ಯೋಜನೆಯ ಮುಖ್ಯಸ್ಥೆ ಪದ್ಮಶ್ರೀ ಮೇಡಂ ಮಾತು ಕೊಟ್ಟಿದ್ದರು.

ನಂಬರು ಮರೆತುಹೋಗುತ್ತದೆಂದು ಅವನು ಪೆಟ್ಟಿಗೆಯ ಮುಚ್ಚಳದ ಮೇಲೂ ಪಟ್ಟಿಯಲ್ಲೂ ಮನೆಯಾಕೆಯ ಹೆಸರನ್ನೇ ಬರೆದಿದ್ದ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಊರೆಲ್ಲ ಓದಿದ್ದು ಹೀಗೆ: ‘ರುಕ್ಮಿಣಮ್ಮ. ಸಿಟ್ಟು ಐದಕ್ಕೆ ಐದು. ಹತ್ತಿರ ಹೋದರೆ ಮುಖಕ್ಕೇ ಬರುತ್ತಾಳೆ. ಮಗಳೂ ಹಾಗೇ. ಕೂಡಿದ ಗಂಡುಗಳು ಹನ್ನೆರಡಕ್ಕೆ ಕಡಿಮೆಯಿಲ್ಲ.’

ಎಂಟೂ ಐದಕ್ಕೆ ರುಕ್ಮಿಣಮ್ಮ ಪೊರಕೆ ಸಮೇತ ಅನಿಲನ ರೂಮಿನ ಬಾಗಿಲಲ್ಲಿದ್ದಳು. ಹಿಂದೆ ಗಂಡ ಪಿಳ್ಳಪ್ಪ, ಅವನ ಹಿಂದೆ ಅರ್ಧ ಊರು.

“ಏನ್ಲಾ ಬರ್ದಿದ್ದೀಯ ನನ್ ಮೇಲೆ?”

“ಅಕ್ಕಾ, ಅದು ನೀವಲ್ಲ, ಜೇನು!”

“ಹೆಸ್ರು ನಂದು, ಮನೆ ನಂದು, ಮಗ್ಳು ನನ್ನೋಳು. ಜೇನಂತೆ ಜೇನು!”

ಪಿಳ್ಳಪ್ಪ ಮೆಲ್ಲಗೆ ಮುಂದೆ ಬಂದ. “ಅಲ್ಲಪ್ಪಾ, ಸಿಟ್ಟು ಐದಕ್ಕೆ ಐದು ಅಂದ್ಯಲ್ಲ, ಅದನ್ನ ನಾನೂ ಒಪ್ತೀನಿ. ಮೂವತ್ತು ವರ್ಸದಿಂದ ನೋಡ್ತಿದ್ದೀನಿ. ಆ ಹನ್ನೆರಡು ಯಾರ್ಯಾರು ಅಂತ ಹೇಳ್ಬಿಡು.”

ಪೊರಕೆಯ ಮೊದಲ ಏಟು ಪಿಳ್ಳಪ್ಪನಿಗೇ ಬಿತ್ತು.

“ರಾಣಿಜೇನು ಹತ್ತಾರು ಗಂಡುಜೇನಿನ ಜೊತೆ ಕೂಡ್ತದೆ. ಅದು ಅದರ ಧರ್ಮ ಅಕ್ಕಾ” ಎಂದು ಅನಿಲ ಬಿಡಿಸಿ ಹೇಳಹೊರಟ. “ಸಿವಸಿವಾ, ಬೆಳಿಗ್ಗೆ ಬೆಳಿಗ್ಗೆ ಇಂಥಾ ಮಾತು!” ಎಂದು ಗುಂಪಿನಲ್ಲಿದ್ದ ಲಕ್ಕಮ್ಮಜ್ಜಿ ಕಿವಿ ಮುಚ್ಚಿಕೊಂಡಿತು. ಒಂದೇ ಕಿವಿ.

“ಜೇನೇ ಆದ್ರೆ ತೋರ್ಸು ನಡಿ” ಎಂದು ಎಲ್ಲರೂ ಅವನನ್ನು ರುಕ್ಮಿಣಮ್ಮನ ಹಿತ್ತಿಲಿಗೆ ಎಳೆದುಕೊಂಡು ಹೋದರು. ಮುಖಕ್ಕೆ ಬಲೆಯೂ ಇಲ್ಲದೆ ಅನಿಲ ಮುಚ್ಚಳ ತೆಗೆದ. “ದೂರ ನಿಂತ್ಕೊಳ್ಳಿ. ಈಗ ನೋಡಿ ಹೆಂಗೆ ಎರಗ್ತವೆ!”

ಒಂದೂ ಎರಗಲಿಲ್ಲ. ಜೇನುಗಳು ಹಾಲು ಕುಡಿದ ಬೆಕ್ಕಿನ ಮರಿಗಳಂತೆ ಅವನ ಕೈಮೇಲೆ ಅಡ್ಡಾಡಿದವು. ಒಂದಂತೂ ಉಂಗುರದ ಮೇಲೆ ಕೂತು ನಿಧಾನವಾಗಿ ಮೀಸೆ ತೀಡಿಕೊಂಡಿತು.

“ಇಷ್ಟು ಸಾಧು ಜೇನಿಗೆ ಸಿಟ್ಟು ಐದಾ?” ರುಕ್ಮಿಣಮ್ಮನ ದನಿ ಇನ್ನೂ ಮೇಲೇರಿತು. “ಅಂದ್ರೆ ನೀನು ಬರ್ದಿದ್ದು ನನ್ ಮೇಲೇ!”

ಅನಿಲ ಕರಿ ಚರ್ಮ ಆಡಿಸಿದ. ಬಾಯಿಂದ ಊದಿದ. ಪೆಟ್ಟಿಗೆ ತಟ್ಟಿದ. “ಕಚ್ರಮ್ಮಾ, ನಿಮ್ ಕಾಲಿಗೆ ಬೀಳ್ತೀನಿ. ಒಂದ್ಸಲ ಕಚ್ರೀ!” ಎಂದು ಬೇಡಿಕೊಂಡ. ರುಕ್ಮಿಣಮ್ಮ ಪೊರಕೆ ಎತ್ತಿ ಬೀಸಿದಳು. ಅನಿಲ ತಪ್ಪಿಸಿಕೊಂಡ. ಏಟು ನೇರವಾಗಿ ಪೆಟ್ಟಿಗೆಯೊಳಗಿನ ಜೇನಿನ ಎರಿಗಳ ಮೇಲೆ ಬಿತ್ತು.

ಆಮೇಲೆ ಸಾಧುಗಳೂ ಸುಮ್ಮನಿರಲಿಲ್ಲ. ಪಿಳ್ಳಪ್ಪ ಹುಲ್ಲಿನ ಬಣವೆಯೊಳಗೆ ತೂರಿದ. ಕೋಲಿಲ್ಲದೆ ನಡೆಯದ ಲಕ್ಕಮ್ಮಜ್ಜಿ ಕೋಲನ್ನೂ ಬಿಟ್ಟು ಕಾಂಪೌಂಡು ಹಾರಿತು. ಅನಿಲ ಮಾತ್ರ ಜೇನಿನ ನಡುವೆ ನಿಂತು, ಮುಖ ಹಲಸಿನ ಹಣ್ಣಿನಂತೆ ಉಬ್ಬುತ್ತಿದ್ದರೂ ಕುಣಿದಾಡಿದ. “ನೋಡಿದ್ರಾ! ಜೇನೇ! ಐದಕ್ಕೆ ಐದು!”

“ಜೇನೇ ಕಣಪ್ಪಾ, ಒಪ್ಕಂಡೆ” ಎಂದು ರುಕ್ಮಿಣಮ್ಮ ಒಂದು ಕೆನ್ನೆ ಹಿಡಿದುಕೊಂಡೇ ಅವನ ಮುಖಕ್ಕೆಲ್ಲ ಸುಣ್ಣ ಬಳಿದಳು.

ಅಷ್ಟರಲ್ಲಿ ಜೀಪು ಬಂತು. ಪಟ್ಟಿ ಒಯ್ಯಲೆಂದೇ ಬಂದ ಪದ್ಮಶ್ರೀ ಮೇಡಂ, ಅನಿಲ ಜೇಬಿನಿಂದ ತೆಗೆದುಕೊಟ್ಟ ಹಾಳೆಯ ಮೇಲೆ ಕಣ್ಣಾಡಿಸಿ, “ಇಪ್ಪತ್ತು ಗೂಡಿಗೆ ಎರಡು ವರ್ಷದ ಅಂಕಿ! ಚಿನ್ನದಂಥ ಕೆಲಸ ಅನಿಲ್. ನಾಳೆಯಿಂದಲೇ ಆಫೀಸಿಗೆ ಬನ್ನಿ” ಎಂದರು. ಸುಣ್ಣದೊಳಗೇ ಅನಿಲ ನಕ್ಕ.

ಪಿಳ್ಳಪ್ಪ ಹುಲ್ಲು ಕೊಡವಿಕೊಂಡು ಕೈಮುಗಿದ. “ಮೇಡಂ, ಕೆಲ್ಸ ಮುಗೀತಲ್ಲ. ಇನ್ಮೇಲೆ ಪಾಳಿ ನಿಲ್ಲಿಸ್ಬೋದಾ?”

“ಯಾವ ಪಾಳಿ?”

“ಪೆಟ್ಟಿಗೆ ಪಾಳಿ. ಜೋರಿನ ಜೇನು ಒಂದೇ ಮನೆಯೋರ್ನ ಯಾಕೆ ಕಚ್ಬೇಕು ಅಂತ ಊರೆಲ್ಲ ಕೂತು ನ್ಯಾಯ ಮಾಡ್ಕಂಡ್ವಿ. ತಿಂಗ್ಳಿಗೊಂದ್ಸಲ ಎಲ್ಲಾ ಪೆಟ್ಟಿಗೇನೂ ಮುಂದಿನ ಮನೆಗೆ. ಅನಿಲಪ್ಪಂಗೆ ಬೇಜಾರಾಗ್ಬಾರ್ದು ಅಂತ ಹೆಸ್ರಿನ ಮುಚ್ಚಳ ಮಾತ್ರ ಅವರವರ ಮನೇಲೇ ಇಟ್ಕತಿದ್ವಿ. ಎರಡು ವರ್ಸ ಒಂದ್ ತಿಂಗ್ಳೂ ತಪ್ಪಿಲ್ಲ ಮೇಡಂ.”

ಯಾವ ತಾಯಿಯ ಸಿಟ್ಟು ಯಾವ ಮಗಳ ಲೆಕ್ಕಕ್ಕೆ ಸೇರಿತ್ತೋ ದೇವರೇ ಬಲ್ಲ. ಮೇಡಂ ಪಟ್ಟಿಯನ್ನು ನಾಲ್ಕಾಗಿ ಹರಿದರು. “ಅನಿಲ್, ಮೊದಲಿಂದ. ಇನ್ನೆರಡು ವರ್ಷ.”

ಕಣ್ಣೆರಡೂ ಊದಿ ಮುಚ್ಚಿದ್ದರಿಂದ ಅವರ ಮುಖ ಹೇಗಿತ್ತೋ ಅನಿಲನಿಗೆ ಕಾಣಲಿಲ್ಲ. ಜೀಪು ಹೊರಟ ಸದ್ದಷ್ಟೇ ಕೇಳಿತು. ಆಮೇಲೆ ಹೆಗಲ ಮೇಲೆ ಪಿಳ್ಳಪ್ಪನ ಕೈ ಬಿತ್ತು.

“ಬೇಜಾರ್ ಮಾಡ್ಕಬೇಡ ಕಣಪ್ಪಾ. ನೀನೂ ಈಗ ಊರೋನೇ ಆದೆ. ಈ ತಿಂಗ್ಳು ಜೋರಿನ ಪೆಟ್ಟಿಗೆ ನಿನ್ ರೂಮಿಗೇ.”