ಗುಣವಾದ ಮೇಲೆ ಬನ್ನಿ ಎಂದವರಿಗೆ

ಕುಡಿತ ಬಿಡಿಸುವ ಕೇಂದ್ರದ ಮೇಲ್ವಿಚಾರಕರಾದ ಮಾನ್ಯರೇ,

ತಮ್ಮ ಇಸ್ತ್ರಿ ಮುರಿಯದ ಅಂಗಿಗೂ, ಗೋಡೆಯ ಬೋರ್ಡಿಗೂ ನಾಲ್ಕನೇ ಕ್ಲಾಸು ಓದಿದ ಈ ಮುದುಕಿಯ ನಮಸ್ಕಾರಗಳು. ‘ಕುಡಿತ ಚಟವಲ್ಲ, ಕಾಯಿಲೆ’ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆಸಿದ್ದೀರಲ್ಲ, ಕನ್ನಡಕವಿಲ್ಲದೆಯೇ ಓದಿ, ನಂಬಿ, ನನ್ನ ಟೈಲರ್ ಮಗನನ್ನು ತಮ್ಮ ಕೈಗೆ ಒಪ್ಪಿಸಿದ್ದೆ.

ಇಪ್ಪತ್ತೆಂಟು ದಿನ ಚೆನ್ನಾಗಿಯೇ ನೋಡಿಕೊಂಡಿರಿ. ಕೊನೆಗೆ ಚಪ್ಪಾಳೆ ತಟ್ಟಿಸಿ, ಫೋಟೋ ಹಿಡಿಸಿ, ಗುಣವಾದನೆಂದು ಸರ್ಟಿಫಿಕೇಟು ಕೊಟ್ಟಿರಿ. ಮುಂದಕ್ಕೆ ಮಾತ್ರೆ ಕೇಳಿದರೆ, ಮನಸ್ಸು ಗಟ್ಟಿಯಿದ್ದರೆ ಮಾತ್ರೆ ಯಾಕಮ್ಮಾ ಎಂದಿರಿ. ಎಂಥ ಮಾತು! ಇಪ್ಪತ್ತು ವರ್ಷದಿಂದ ಬಿ.ಪಿ. ಮಾತ್ರೆ ನುಂಗುವ ನನಗೆ ಈ ಮದ್ದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ; ಸುಮ್ಮನೆ ಔಷಧದ ಅಂಗಡಿಯವನನ್ನು ಸಾಕಿಬಿಟ್ಟೆ.

ಐದನೇ ವಾರ ಮಗ ಮತ್ತೆ ಕುಡಿದ. ತಾನಾಗಿಯೇ ಬಂದು, ಅಮ್ಮಾ, ಕೈಮೀರಿತು, ಅಲ್ಲಿಗೇ ಕರಕೊಂಡು ಹೋಗು ಎಂದ. ಕರೆತಂದರೆ ತಾವು ರಿಜಿಸ್ಟರಿನಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದು, ನಿಯಮ ಮುರಿದವರಿಗೆ ಜಾಗವಿಲ್ಲ, ಮೂರು ತಿಂಗಳು ಕುಡಿಯದೆ ಇದ್ದು ತೋರಿಸಿದರೆ ಸೇರಿಸಿಕೊಳ್ಳುತ್ತೇವೆ ಎಂದು ಅಪ್ಪಣೆ ಕೊಡಿಸಿದಿರಿ. ಮೂರು ತಿಂಗಳು ಕುಡಿಯದೆ ಇರಬಲ್ಲವನಿಗೆ ತಮ್ಮಿಂದೇನು ಉಪಕಾರವೆಂದು ಕೇಳುವಷ್ಟು ಬುದ್ಧಿ ನನಗೆಲ್ಲಿ? ಆದರೆ ಇಂಥವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು, ಔಷಧ ಕೊಟ್ಟು ಪಕ್ಕದಲ್ಲಿದ್ದೇ ಬಿಡಿಸಬೇಕು ಎಂದು ಹೋದ ಸಲ ತಮ್ಮ ನರ್ಸಮ್ಮನೇ ಹೇಳಿದ್ದರು.

ಆದ್ದರಿಂದ ತಮ್ಮ ನಿಯಮವನ್ನು ಎಲ್ಲ ಆಸ್ಪತ್ರೆಗಳಿಗೂ ಹಬ್ಬಿಸಬೇಕಾಗಿ ಪ್ರಾರ್ಥನೆ. ಜ್ವರ ಬಿಟ್ಟವರನ್ನೇ ಜ್ವರದ ವಾರ್ಡಿಗೆ ಸೇರಿಸಲಿ. ಕಾಲು ಮುರಿದವನು ಮೆಟ್ಟಿಲು ಹತ್ತಿ ತೋರಿಸಲಿ. ಬಸುರಿ ಮನೆಯಲ್ಲೇ ಹೆತ್ತು, ಮಗುವಿಗೆ ಹಾಲೂಡಿಸಿ, ಆಮೇಲೆ ಹೆರಿಗೆಗೆ ಬರಲಿ. ಹಾಸಿಗೆ ಮಾಸುವುದಿಲ್ಲ, ವರದಿಯಲ್ಲಿ ನೂರಕ್ಕೆ ನೂರು ಗುಣ.

ಮಗ ಬಿದ್ದದ್ದು ನಿಜ ಸ್ವಾಮಿ. ಹನ್ನೊಂದು ವರ್ಷದ ಕುಡಿತದಲ್ಲಿ ಮೊದಲ ಸಲ ತಾನಾಗಿ ಕೈ ಚಾಚಿದ್ದೂ ನಿಜ. ಎರಡನೇ ಸಲ ಚಾಚುತ್ತಾನೋ ಇಲ್ಲವೋ, ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ತಮಗೆ ತಲೆಬಾಗಿ, ಬೆನ್ನು ಮಾತ್ರ ತಿರುಗಿಸದ,
ತಮ್ಮ ವಿಶ್ವಾಸಿ,
ಟೈಲರ್‌ನ ತಾಯಿ, ಅವನ ಇಬ್ಬರು ಮಕ್ಕಳ ಅಜ್ಜಿ

ಬಿಟ್ಟುಹೋದ ಮಾತು: ಇದನ್ನು ತಮ್ಮ ಗೇಟಿನೆದುರಿನ ಬೆಂಚಿನಲ್ಲಿ ಕೂತೇ ಬರೆದಿದ್ದೇನೆ. ಮಗ ಪಕ್ಕದಲ್ಲಿದ್ದಾನೆ, ಕೈ ನಡುಗಲು ಶುರುವಾಗಿದೆ. ತಾವು ಪರದೆ ಸರಿಸಿ ಮೂರು ಸಲ ಇಣುಕಿದಿರಿ. ಕುತ್ತಿಗೆಗೆ ಯಾಕೆ ಕಷ್ಟ? ಬಾಗಿಲು ತೆಗೆದರೆ ಇನ್ನೂ ಚೆನ್ನಾಗಿ ಕಾಣುತ್ತೇವೆ.